ಆ ಅಮ್ಮನ ಶಿಬಿರಕ್ಕೆ ಹೊರಡುವ ಮುಂಚೆ

ಗುಬ್ಬಿ,

ಬೆಳಗಿನ ಪಾಳಿಗೆ ಹೊರಟಿದ್ದೇನೆ, ನಿನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ದಪ್ಪ ಸ್ವೆಟರ್ ಕುರ್ಚಿಯ ಮೇಲಿದೆ. ಧ್ಯಾನಕ್ಕೆ ಕೂತರೂ ಕಾಡಿನ ಚಳಿ ಚಳಿಯೇ. ಟಾರ್ಚಿಗೆ ಹೊಸ ಸೆಲ್ ಹಾಕಿದ್ದೇನೆ. ಮೌನದ ಹೊತ್ತಿನಲ್ಲಿ ಕೆಮ್ಮು ಬಂದರೆ ನುಂಗಿಕೊಂಡು ಒದ್ದಾಡಬೇಡ, ಕೆಮ್ಮಿಬಿಡು. ಔಷಧಿ ಬ್ಯಾಗಿನ ಪಕ್ಕದ ಜೇಬಿನಲ್ಲಿದೆ.

ಹೋದ ಸಲ ಶಿಬಿರದಿಂದ ಬಂದ ನೀನು ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದೆ: "ಅಮ್ಮ ಅಪ್ಕೊಂಡಾಗ ಎಷ್ಟು ಅತ್ಬಿಟ್ಟೆ ಗೊತ್ತಾ!" ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ನಾನು, ಯಾವಾಗ ಅಪ್ಪಿಕೊಂಡೆ ಎಂದು ಯೋಚಿಸುತ್ತಾ ನಿಂತೆ. ಆಮೇಲೆ ಗೊತ್ತಾಯಿತು, ಅದು ನಿಮ್ಮ ಗುರುಮಾತೆ.

ಅವತ್ತಿನಿಂದ ಹೊಟ್ಟೆ ಉರಿಯುತ್ತಿದೆ, ಸುಳ್ಳು ಯಾಕೆ ಹೇಳಲಿ? ಅವರು ಒಳ್ಳೆಯವರೇ ಇರಬಹುದು. ಆದರೆ ಹಾಸಿಗೆ ಮೇಲೆ ನೀನು ಎಸೆದ ಒದ್ದೆ ಟವೆಲ್ ಅವರು ಎತ್ತಬೇಕಾಗಿಲ್ಲವಲ್ಲ! ಹಾಗಿದ್ದರೆ ಯಾರು ಬೇಕಾದರೂ ಅಮ್ಮನಾಗಬಹುದು.

ಬಸ್ಸಿಗೆ ಹೋಗುವಾಗ ಆಸ್ಪತ್ರೆಯ ಲಾಂಡ್ರಿ ಹಿಂಬಾಗಿಲಿಗೆ ಬಾ. ಮೇಲ್ವಿಚಾರಕಿಯ ಹತ್ತಿರ ಸ್ವಲ್ಪ ಬಿಡುವು ಕೇಳಿಕೊಂಡಿದ್ದೇನೆ. ಅಪ್ಪಿಕೊಳ್ಳುವುದು ನನಗೆ ಅಭ್ಯಾಸವಿಲ್ಲ, ನಾಚಿಕೆ ಬೇರೆ. ಮೊದಲು ನೀನೇ ಕೈ ಚಾಚು. ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ.

ಹೆತ್ತಮ್ಮ