ಒಂದೇ ಕೋಣೆಯ ತಂಪು

ಮಾರ್ಚ್ 3, ಮಂಗಳವಾರ

ಮತ್ತೆ ಉಪ್ಪಿನ ಡಬ್ಬಿ ಕೈಜಾರಿತು. ಕೂತೇ ಗುಡಿಸಿದೆ. ನಿಂತು ಗುಡಿಸುವ ಕಾಲ ಹೋಯಿತು. ಬಿಸಿಲು ಏರಿದರೆ ಸಾಕು, ಕಾಲು ನನ್ನದಲ್ಲ. ಕಣ್ಣ ಮುಂದೆ ಮಬ್ಬು.

ಡಾಕ್ಟರ್ ಹೋದ ವಾರ ಹೇಳಿದ್ದು ಇಷ್ಟೇ: "ನರದ ಕಾಯಿಲೆಗೆ ನಾನು ಕೊಡೋ ಮಾತ್ರೆ ಅರ್ಧ, ತಂಪು ಅರ್ಧ. ಮೈ ಬಿಸಿಯಾದಷ್ಟೂ ಕೈಕಾಲು ಮಾತು ಕೇಳಲ್ಲ. ಮನೆಗೊಂದು ಏಸಿ ಹಾಕಿಸ್ಕೊಳ್ಳಿ."

ಹಾಕಿಸಬಹುದು. ಎಲ್ಲಿ?

ಇರುವುದು ಒಂದು ಬೆಡ್‌ರೂಮು. ಊಟದ ಟೇಬಲ್ಲು, ಫ್ರಿಜ್ಜು, ಬೀರು ಎಲ್ಲ ಸೇರಿ ಅಡ್ಡಾಡಲು ಜಾಗವಿಲ್ಲದ ಹಾಲ್. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಬಿಗಿಹಿಡಿಯಬೇಕು. ಉಳಿದದ್ದು ಹಾಲ್‌ಗೆ ಅಂಟಿಕೊಂಡ ಬಾಲ್ಕನಿ. ಮೂರು ಕಡೆ ಗಾಜು ಹಾಕಿಸಿ ಮುಚ್ಚಿದ್ದೇವೆ. ಅದು ಮಾವನದು. ಮಂಚ, ಕುರ್ಚಿ, ಗ್ರಿಲ್‌ಗೆ ಕಟ್ಟಿದ ಶೇವಿಂಗ್ ಕನ್ನಡಿ.

ಶಾಲೆ ಬಿಟ್ಟು ವರ್ಷವಾಯಿತು. ಗಣಿತದ ಮೇಡಂ ಈಗ ಮನೆಯ ಗೋಡೆ ಅಳೆಯುತ್ತಾಳೆ.

ಮಾರ್ಚ್ 7, ಶನಿವಾರ

ಏಸಿ ಮೆಕ್ಯಾನಿಕ್ ಬಂದಿದ್ದ. ಬೆಡ್‌ರೂಮಿನ ಗೋಡೆಗಳನ್ನೆಲ್ಲ ಬೆರಳಲ್ಲಿ ತಟ್ಟಿ ನೋಡಿದ. ನಕ್ಕ.

"ಅಕ್ಕ, ಏಸಿ ಅಂದ್ರೆ ಒಂದಲ್ಲ, ಎರಡು ಪೆಟ್ಟಿಗೆ. ಒಂದು ಒಳಗೆ, ಒಂದು ಹೊರಗೆ. ಒಳಗಿನ ಸೆಕೆಯನ್ನೆಲ್ಲ ಹೊರಗಿನದು ಉಗುಳತ್ತೆ. ನಿಮ್ಮನೇಲಿ ಹೊರಗೆ ಅನ್ನೋದೇ ಇಲ್ವಲ್ಲ!"

ನಿಜ. ರಸ್ತೆಯ ಕಡೆ ತೂಗುಹಾಕಲು ಅಪಾರ್ಟ್‌ಮೆಂಟ್ ಸಂಘದವರು ಬಿಡುವುದಿಲ್ಲ. ಹಿಂದಿನ ಗೋಡೆಯಾಚೆ ಪಕ್ಕದ ಮನೆಯವರ ಅಡುಗೆ. ತಾರಸಿಯಲ್ಲಿಡೋಣವೆಂದರೆ ಅಷ್ಟು ಉದ್ದ ಪೈಪ್ ಎಳೆದರೆ ತಂಪು ದಾರಿಯಲ್ಲೇ ಮುಗಿಯುತ್ತದಂತೆ.

ಕೊನೆಗೆ ಬಾಲ್ಕನಿಗೆ ಹೋಗಿ ನಿಂತ. "ಇದೇ ಜಾಗ. ಗೋಡೆಯಾಚೆ ನೇರ ಬೆಡ್‌ರೂಮು. ಆದ್ರೆ ಮೊದಲೇ ಹೇಳಿಬಿಡ್ತೀನಿ. ಗಾಜು ಎಷ್ಟು ತೆಗೆದರೂ ಮೆಷಿನ್ ಓಡೋವಾಗ ಇಲ್ಲಿ ಯಾರೂ ಕೂರೋ ಹಾಗಿಲ್ಲ. ಒಲೆ ಮುಂದೆ ಕೂತ ಹಾಗಿರತ್ತೆ."

ಮಾವ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮಾವನೇ ಮೊದಲು ಬಾಯಿಬಿಟ್ಟರು. "ಮಂಚ ಬಿಚ್ಚಬಹುದು. ಬೋಲ್ಟ್ ಹಾಕಿರೋದು ಅಷ್ಟೇ."

ಮಾರ್ಚ್ 8, ಭಾನುವಾರ

ಇವರೊಂದಿಗೆ ಜಗಳ. ಪಿಸುದನಿಯಲ್ಲಿ. ಈ ಮನೆಯಲ್ಲಿ ಜಗಳಕ್ಕೂ ಜಾಗ ಸಾಲದು.

"ನನ್ನ ಸಲುವಾಗಿ ವಯಸ್ಸಾದವರನ್ನ ಎಬ್ಬಿಸೋದಾ?"

"ಮತ್ತೇನು ಮಾಡಲಿ ಹೇಳು. ನಾನು ಬೆಳಿಗ್ಗೆ ಮೆಡಿಕಲ್ ಶಾಪಿಗೆ ಹೋದರೆ ಬರೋದು ರಾತ್ರಿ. ನೀನು ಬಾತ್‌ರೂಮಲ್ಲಿ ಎಲ್ಲಾದರೂ ಬಿದ್ದುಬಿಟ್ಟರೆ..."



ಬಾಗಿಲ ಹೊರಗೆ ಕೆಮ್ಮು. ಮಾವ ನಮ್ಮ ಬೆಡ್‌ರೂಮಿನ ಹೊಸ್ತಿಲು ದಾಟಿದವರಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಒಮ್ಮೆಯೂ ಇಲ್ಲ. ಬೇಕಿದ್ದರೆ ಕೆಮ್ಮುತ್ತಾರೆ, ಹೊರಗಿನಿಂದಲೇ ಹೇಳುತ್ತಾರೆ.

"ಜೀವಮಾನವೆಲ್ಲ ಲಿಫ್ಟ್ ಒಳಗೆ ಸ್ಟೂಲ್ ಹಾಕ್ಕೊಂಡು ಕೂತವನು ನಾನು. ನಿಮ್ಮ ಹಾಲ್ ನನಗೆ ಮೈದಾನ ಇದ್ದ ಹಾಗೆ ಕಣಪ್ಪ. ಆ ಏಸಿಯವನಿಗೆ ಬರೋಕೆ ಹೇಳು."

ಮಾರ್ಚ್ 14, ಶನಿವಾರ

ಏಸಿ ಬಂತು. ಗೋಡೆ ಕೊರೆಯುವಾಗ ಹಲ್ಲಿನ ಬೇರಿನವರೆಗೆ ಸದ್ದು. ಹಾಸಿಗೆ, ಬಟ್ಟೆ, ತಟ್ಟೆ — ಎಲ್ಲದರ ಮೇಲೂ ಕೆಂಪು ಧೂಳು. ಮಾವ ಪೈಪ್ ಹಿಡಿದು ನಿಂತರು, ಧೂಳು ಒರೆಸಿದರು, ಬೇಡವೆಂದರೂ ಕೇಳಲಿಲ್ಲ. ಅವರ ಮಂಚ ಈಗ ಬಿಡಿಬಿಡಿಯಾಗಿ ಬೀರುವಿನ ಹಿಂದೆ. ರಾತ್ರಿಗೆ ಮಡಚುವ ಮಂಚ, ಹಾಲ್‌ನಲ್ಲಿ.

ಸಂಜೆ ಮೊದಲ ತಂಪು ಗಾಳಿ. "ಒಳಗೆ ಬಂದು ನೋಡಿ ಮಾವ" ಎಂದೆ.

ಹೊಸ್ತಿಲಲ್ಲಿ ನಿಂತು ಕೈಯೊಂದನ್ನೇ ಒಳಗೆ ಚಾಚಿದರು, ನಲ್ಲಿಯ ನೀರು ಬಿಸಿಯೋ ತಣ್ಣಗೋ ನೋಡುವವರಂತೆ. "ಚೆನ್ನಾಗಿದೆ" ಎಂದರು. ಕೈ ಹಿಂತೆಗೆದುಕೊಂಡರು.

ಮಾರ್ಚ್ 16, ಸೋಮವಾರ

ಇಡೀ ದಿನ ಏನನ್ನೂ ಬೀಳಿಸಲಿಲ್ಲ! ಮಧ್ಯಾಹ್ನ ಸೂಜಿಗೆ ದಾರ ಪೋಣಿಸಿದೆ. ಹೊಲಿಯುವುದು ಏನೂ ಇರಲಿಲ್ಲ, ಸುಮ್ಮನೆ ಪೋಣಿಸಿದೆ. ಕೋಣೆಯಲ್ಲಿ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆದೆ. ಕೈಬರಹ ನೋಡು — ಹಳೆಯ ನನ್ನದೇ ಅಕ್ಷರ. ಅಳು ಬಂತು. ಒಳ್ಳೆಯ ಅಳು.

ಬಾಗಿಲು ದಾಟಿದರೆ ಮಾತ್ರ ಹಾಲ್ ಕಾದ ಹೆಂಚು. ಬಾತ್‌ರೂಮ್ ಆ ತುದಿಗೆ. ಅಷ್ಟು ದೂರಕ್ಕೇ ಕಾಲು ಸೋಲುತ್ತದೆ.

ಮಾರ್ಚ್ 27, ಶುಕ್ರವಾರ

ಮಾವ ಹಗಲು ಹಾಲ್‌ನಲ್ಲಿ ಕೂರುವುದೇ ಇಲ್ಲ. ನನ್ನ ಬಾಗಿಲು ಸದ್ದಾದರೆ ಎದ್ದು ಬಾಲ್ಕನಿಗೆ ಹೋಗುತ್ತಾರೆ. ಮೆಷಿನ್ನಿನ ಪಕ್ಕದಲ್ಲೇ ಹಳೆಯ ಕುರ್ಚಿ.

"ಮಾವ, ಅಲ್ಲಿ ಬೆಂಕಿಯ ಹಾಗಿದೆ, ಒಳಗೆ ಬನ್ನಿ."

"ಇಲ್ಲಿ ಗಾಳಿ ಬರತ್ತಮ್ಮ."

ಗಾಳಿಯಂತೆ! ಏಸಿ ಆರಿಸಿಬಿಟ್ಟೆ. ಹೀಗಾದರೂ ಬರಲಿ ಎಂದು. ಬರಲಿಲ್ಲ. ಸ್ವಲ್ಪ ಹೊತ್ತಿಗೇ ನನಗೆ ಕಣ್ಣು ಮಬ್ಬಾಯಿತು. ಹೊರಗಿನಿಂದ ಅವರದೇ ದನಿ: "ಮೆಷಿನ್ ಯಾಕೆ ನಿಂತಿತು? ಹಾಕಮ್ಮ, ಹಾಕು."

ಹಾಕಿದೆ.

ಇವರಿಗೆ ಹೇಳಿದೆ. "ಅಪ್ಪನ ಹಠ ನಿನಗೆ ಗೊತ್ತಿಲ್ವಾ" ಎಂದರು. ಜಾಗ ಕಸಿದುಕೊಂಡಳೆಂಬ ಸಿಟ್ಟೇ? ಹಾಗೆ ತೋರಿಸುವವರಲ್ಲ. ಆದರೆ ಮತ್ತೇನು...

ಏಪ್ರಿಲ್ 9, ಗುರುವಾರ

ಮಾವ ಕುಸಿದರು. ಆಂಬುಲೆನ್ಸ್ ಹೋಯಿತು. ಇವರು ಅಂಗಡಿಯಿಂದ ನೇರ ಆಸ್ಪತ್ರೆಗೆ. ನಾನು ಇಲ್ಲಿ.

 

ಏಪ್ರಿಲ್ 10, ಶುಕ್ರವಾರ

ಐಸಿಯುನಲ್ಲಿದ್ದಾರೆ. ಇನ್ನೂ ಏನೂ ಹೇಳಲಾಗದಂತೆ.

ಬರೆದುಬಿಡುತ್ತೇನೆ. ನಿನ್ನೆ ನೀರು ತರಲು ಹೋದೆ. ಬಾಲ್ಕನಿಯ ಬಾಗಿಲು ಅರ್ಧ ತೆರೆದಿತ್ತು. ಕುರ್ಚಿಯಲ್ಲೇ ಒರಗಿದ್ದರು, ಚಪ್ಪಲಿಯೊಂದು ಕಾಲಿನಿಂದ ಕಳಚಿತ್ತು. ನಿದ್ದೆ ಎಂದುಕೊಂಡೆ. ಮುಟ್ಟಿದೆ — ಮೈ ಸುಡುತ್ತಿತ್ತು. ಬೆವರಿನ ಹನಿಯಿಲ್ಲ, ಒಣ ಚರ್ಮ. ಕಣ್ಣು ತೆರೆದರು. ನನ್ನನ್ನು ನೋಡಿದರು, ಆದರೆ ನನ್ನನ್ನಲ್ಲ.

"ಯಾವ ಮಹಡಿ?" ಎಂದು ಕೇಳಿದರು. ಬಹಳ ಮರ್ಯಾದೆಯಿಂದ. "ಯಾವ ಮಹಡಿಗೆ ಹೋಗಬೇಕು ತಾವು?"

ಕುರ್ಚಿಯಿಂದ ಹಾಸುಬಟ್ಟೆಯ ಮೇಲೆ ಇಳಿಸಿಕೊಂಡೆ. ಎಳೆದೆ. ಹಾಲ್ ದಾಟಿಸಿ, ಟೇಬಲ್ಲಿನ ಕಾಲುಗಳ ಸಂದಿನಲ್ಲಿ ತೂರಿಸಿ, ಬೆಡ್‌ರೂಮಿನ ತಂಪಿಗೆ. ಒದ್ದೆ ಬಟ್ಟೆ ಹೊದಿಸಿದೆ. ಫೋನ್ ಮಾಡಿದೆ. ಆಮೇಲೆ ಅವರ ಪಕ್ಕದಲ್ಲಿ ನೆಲದ ಮೇಲೆ ಬಿದ್ದೆ, ಏಳಲಾಗಲಿಲ್ಲ.

ಏಸಿ ಬರುವ ಮುಂಚೆಯಾಗಿದ್ದರೆ ಎಳೆಯುವುದಿರಲಿ, ಬಗ್ಗುವುದೂ ನನ್ನಿಂದಾಗುತ್ತಿರಲಿಲ್ಲ. ಈ ಮೆಷಿನ್ನಿನ ಬಿಸಿ ಅವರನ್ನು ಕೆಡವಿತು. ಇದರ ತಂಪೇ ನನಗೆ ಎಳೆಯುವ ಬಲ ಕೊಟ್ಟಿತು. ಗಣಿತದ ಮೇಡಂ ಎಷ್ಟು ಸಲ ಕೂಡಿ ಕಳೆದರೂ ಈ ಲೆಕ್ಕ ಹತ್ತುತ್ತಿಲ್ಲ.

ಏಪ್ರಿಲ್ 15, ಬುಧವಾರ

ವಾರ್ಡಿಗೆ ಹಾಕಿದ್ದಾರೆ. ಗಂಜಿ ಕುಡಿದರಂತೆ. ಸೊಸೆ ಮಾತ್ರೆ ತಗೊಂಡಳಾ ಎಂದು ವಿಚಾರಿಸಿದರಂತೆ.

ಇವರು ಬಂದವರು ಬಟ್ಟೆಯನ್ನೂ ಬದಲಿಸದೆ ಟೇಬಲ್ಲಿಗೆ ಕೂತರು. "ಅಪ್ಪನ್ನ ಬೈದುಬಿಟ್ಟೆ" ಎಂದರು. "ಅಷ್ಟು ಹೇಳಿದರೂ ಅಲ್ಲೇ ಯಾಕೆ ಕೂತ್ಕೋತಿದ್ದೆ ಅಂತ. ಮೊದಲು ಹೇಳಲೇ ಇಲ್ಲ."

"ಆಮೇಲೆ?"

"ಅವಳು ಬಾತ್‌ರೂಮಿಗೆ ಗೋಡೆ ಹಿಡ್ಕೊಂಡು ಹೋಗ್ತಾಳೆ ಕಣೋ ಅಂದರು. ನಾನು ಹಾಲ್‌ನಲ್ಲಿದ್ದರೆ ಗೋಡೆ ಬಿಟ್ಟು ನೆಟ್ಟಗೆ ನಡೆಯೋಕೆ ನೋಡ್ತಾಳೆ. ಬಿದ್ದುಗಿದ್ದರೆ? ನಾನಿಲ್ಲದಿದ್ದರೆ ಧೈರ್ಯವಾಗಿ ಹಿಡ್ಕೋತಾಳೆ. ಅದಕ್ಕೇ ಎದ್ದು ಹೋಗ್ತಿದ್ದೆ... ಅಂದರು."

ಹೌದು. ಅವರೆದುರು ಗೋಡೆ ಬಿಡುತ್ತಿದ್ದೆ. ಯಾರಿಗೂ ಗೊತ್ತಾಗಿಲ್ಲ ಎಂದುಕೊಂಡಿದ್ದೆ.

ಇವರು ಟೇಬಲ್ಲಿನ ಮೇಲೆ ತಲೆಯಿಟ್ಟರು. ಭುಜ ಅದುರುತ್ತಿತ್ತು. ಬೆನ್ನ ಮೇಲೆ ಕೈಯಿಟ್ಟು ನಿಂತೆ, ಕಾಲು ತಡೆಯುವಷ್ಟು ಹೊತ್ತು.

ಏಪ್ರಿಲ್ 19, ಭಾನುವಾರ

ಮಾವ ಮನೆಗೆ. ಅರ್ಧ ಆಳಾಗಿದ್ದಾರೆ. ಇನ್ನು ಮುಂದೆ ಸೆಕೆ ತಾಗಲೇಬಾರದು ಎಂದಿದ್ದಾರೆ ಡಾಕ್ಟರ್. ಈಗ ಈ ಮನೆಯಲ್ಲಿ ತಂಪಿಲ್ಲದೆ ಆಗದವರು ಇಬ್ಬರು. ತಂಪು ಕೋಣೆ ಒಂದೇ.

ಬೆಳಿಗ್ಗೆಯೇ ಕನ್ನಡಿಯ ಮೇಜನ್ನು ಹೊರಗೆ ಹಾಕಿ, ಅವರ ಮಂಚ ಜೋಡಿಸಿದೆವು. ಎರಡು ಮಂಚಗಳ ನಡುವೆ ಒಬ್ಬರು ಅಡ್ಡವಾಗಿ ನುಸುಳುವಷ್ಟು ಸಂದು.

ಮಾವ ಹೊಸ್ತಿಲಲ್ಲೇ ನಿಂತರು. "ಬೇಡಮ್ಮ. ಅದು ನಿಮ್ಮ ಕೋಣೆ."

ಇವರು ಗೋಗರೆದರು, ಗದರಿದರು. ಊಹೂಂ.

ನಾನು ಹೊರಗೆ ಬಂದು ಹಾಲ್‌ನಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. "ನೀವು ಒಳಗೆ ಹೋಗೋವರೆಗೂ ನಾನೂ ಇಲ್ಲೇ."

ಕೂತೇ ಇದ್ದೆ. ಅವರು ಎದುರು ಕುರ್ಚಿಯಲ್ಲಿ. ಕಾಲು ಜೋಮು ಹಿಡಿಯಿತು, ಬೆರಳು ಮರಗಟ್ಟಿತು, ಅವರ ಮುಖ ಮಬ್ಬಾಗತೊಡಗಿತು. ಬಿಡಲಿಲ್ಲ.

"ಏಳಮ್ಮ" ಎಂದರು ಕೊನೆಗೆ. "ಏಳು, ಇಬ್ಬರೂ ಹೋಗೋಣ."

ಕೈ ಕೊಟ್ಟರು. ಯಾರು ಯಾರನ್ನು ಹಿಡಿದಿದ್ದೆವೋ. ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಸಂಜೆಯವರೆಗೂ ಹೊರಳಲಿಲ್ಲ.

ಏಪ್ರಿಲ್ 26, ಭಾನುವಾರ

ಇಂದು ಬಾತ್‌ರೂಮಿಗೆ ಹೋಗುವಾಗ ಮಾವ ನೋಡುತ್ತಿದ್ದರು. ಗೋಡೆ ಹಿಡಿದೇ ಹೋದೆ. ಹಿಡಿದೇ ಬಂದೆ. ಅವರೂ ಮುಖ ತಿರುಗಿಸಲಿಲ್ಲ.

"ಆ ಬೀರು ಸ್ವಲ್ಪ ಈಚೆಗೆ ಎಳೆದರೆ ನಿಂಗೆ ಹಿಡ್ಕೊಳ್ಳೋಕೆ ಅನುಕೂಲ" ಎಂದರು.

ಎಳೆಸಿದ್ದಾಯಿತು. ಹಾಲ್ ಇನ್ನಷ್ಟು ಇಕ್ಕಟ್ಟು.

ಮೇ 5, ಮಂಗಳವಾರ, ಮಧ್ಯಾಹ್ನ

ಕರೆಂಟ್ ಹೋಗಿದೆ. ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಇವರಿಗೆ ಫೋನ್ ಮಾಡಿದೆ, ಐಸ್ ಹಿಡಿದು ಹೊರಟಿದ್ದಾರೆ. ಕೋಣೆಯ ತಂಪು ಹೋಗದಿರಲೆಂದು ಬಾಗಿಲು ಮುಚ್ಚಿ ಕೂತಿದ್ದೇವೆ.

ಮಾವ ಹಳೆಯ ಕ್ಯಾಲೆಂಡರಿನ ರಟ್ಟು ಹಿಡಿದು ಬೀಸುತ್ತಿದ್ದಾರೆ. ನನ್ನ ಕಡೆಗೆ.

"ನಿಮಗೆ ಬೀಸ್ಕೊಳ್ಳಿ ಮಾವ. ಡಾಕ್ಟರ್ ಹೇಳಿದ್ದು ನಿಮಗೆ."

"ನಿಂಗೂ ಹೇಳಿದಾರಲ್ಲ."

"ಹಾಗಾದ್ರೆ ಸರದಿ. ಸ್ವಲ್ಪ ಹೊತ್ತು ನೀವು, ಸ್ವಲ್ಪ ಹೊತ್ತು ನಾನು."

"ಆಯ್ತು. ಮೊದಲು ನಾನು. ನೀನು ಬರಿ." ಬೀಸುತ್ತಲೇ ಮತ್ತೆ: "ಯಾವಾಗಲೂ ಏನಮ್ಮ ಬರೀತಿರ್ತೀಯ?"

"ಏನಿಲ್ಲ ಮಾವ. ಮನೆಯ ಸಮಾಚಾರ."

"ಇಷ್ಟು ಸಣ್ಣ ಮನೇಲಿ ಅಷ್ಟೊಂದು ಸಮಾಚಾರವಾ!" ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ನಗು.

ಅಕ್ಷರ ವಾಲುತ್ತಿದೆ. ಸೆಕೆ ಒಳಗೆ ಬಂತು. ನನ್ನ ಸರದಿ ಆಗಲೇ ಬಂದಿರಬೇಕು. ಕೇಳಿದರೆ ಮಾತಿಲ್ಲ. ನೋಡಿದರೆ ಕಣ್ಣು ಮುಚ್ಚಿದೆ, ನಿದ್ದೆ ಹತ್ತಿದೆ. ಉಸಿರು ಸರಾಗ. ಹಣೆಯ ಮೇಲೆ ಬೆವರು — ಬೆವರುತ್ತಿದ್ದಾರೆ, ಒಳ್ಳೆಯದು. ಕೈ ಮಾತ್ರ ಬೀಸುತ್ತಲೇ ಇದೆ, ನನ್ನ ಕಡೆಗೇ. ಪೆನ್ನು ಕೆಳಗಿಟ್ಟು, ಎಚ್ಚರವಾಗದ ಹಾಗೆ ಮೆಲ್ಲಗೆ ಆ ರಟ್ಟನ್ನು ಬಿಡಿಸಿಕೊಳ್ಳುತ್ತೇನೆ.