ಪಕ್ಕದ ಸೀಟಿನ ತೂಕ

ಗ್ಯಾರೇಜಿನ ಮೇಸ್ತ್ರಿಗಳಿಗೆ ನಮಸ್ಕಾರ.

ಕಾರಿನ ಕೀಲಿಯ ಜೊತೆಗೇ ಈ ಪತ್ರವನ್ನೂ ಇಟ್ಟು ಹೋಗುತ್ತಿದ್ದೇನೆ. ಎದುರಿಗೆ ನಿಂತು ಹೇಳಲು ನನ್ನಿಂದಾಗದು.

ಎರಡು ವರ್ಷದ ಹಿಂದೆ ನಾನು ಆರಿಸಿ, ಹಾಕಿಸದೆ ಬಿಟ್ಟ ಗಿಡ್ಡ ಸ್ಪ್ರಿಂಗುಗಳನ್ನು ಈಗ ಹಾಕಿಬಿಡಿ. ಅಂದು ಹೇಳಿದ್ದಂತೆ ಕಾರನ್ನು ನಲವತ್ತು ಮಿಲಿಮೀಟರ್ ತಗ್ಗಿಸುವುದು ಬೇಡ, ಇಪ್ಪತ್ತೈದು ಸಾಕು. ಅಂದು ನಮ್ಮನೆಯಾಕೆ ಮಂಡಿ ಹಿಡಿದುಕೊಂಡು ನಿಮ್ಮೆದುರೇ ರೇಗಿದ್ದಳಲ್ಲ: “ಈಗ್ಲೇ ನೆಲಕ್ಕೆ ಅಂಟ್ಕೊಂಡಿದೆ. ಇನ್ನೂ ತಗ್ಗಿಸಿದ್ರೆ ನನ್ನನ್ನ ಎತ್ತೇ ಇಳಿಸ್ಬೇಕಾಗುತ್ತೆ, ನೋಡ್ಕೊಳ್ಳಿ!” ನೀವೂ ನಕ್ಕಿದ್ದಿರಿ. ಕಾರನ್ನು ತಗ್ಗಿಸಲಿಲ್ಲ. ಆದರೂ ಈ ವರ್ಷ ಆಸ್ಪತ್ರೆಯ ಬಾಗಿಲಲ್ಲಿ ಅವಳನ್ನು ಎತ್ತಿಯೇ ಇಳಿಸುತ್ತಿದ್ದೆ. ಕೊನೆಕೊನೆಗೆ ನನಗೆ ಏದುಸಿರೂ ಬರುತ್ತಿರಲಿಲ್ಲ, ಅಷ್ಟು ಹಗುರ. ಹೋದ ತಿಂಗಳು ಹೋಗಿಬಿಟ್ಟಳು.

ಇನ್ನೊಂದು ಮಾತು. ಎತ್ತರ ಹೊಂದಿಸುವಾಗ ಸೀಟುಗಳ ಮೇಲೆ ಕೂರುವವರ ತೂಕದಷ್ಟೇ ಮರಳಿನ ಚೀಲ ಇಡುತ್ತೀರಲ್ಲ, ಪಕ್ಕದ ಸೀಟಿಗೆ ಅವಳ ತೂಕವೆಂದು ಅಂದು ನಿಮ್ಮ ಪುಸ್ತಕದಲ್ಲಿ ಬರೆಸಿದ್ದ ಐವತ್ತೆಂಟು ಕಿಲೋ ಹಾಗೇ ಇರಲಿ, ಹೊಡೆದುಹಾಕಬೇಡಿ. ಸೀಟು ಖಾಲಿಯಿದ್ದರೆ ಆ ಕಡೆ ಕಾರು ಕೂದಲೆಳೆಯಷ್ಟು ಎತ್ತರ ನಿಲ್ಲುತ್ತದೆ ಎನ್ನುತ್ತೀರಿ, ಗೊತ್ತು. ನಿಲ್ಲಲಿ. ಅವಳಿಗೆ ಇಳಿಯಲು ಸುಲಭ.

ಇಂತಿ,
ನಿಮ್ಮ ‘ಹಳದಿ ಕಾರಿನ ಸಾರ್’