ಲಾಯದ ಮುಂದೆ ಒಂದು ಕಲ್ಲು

ಮೈಂದರ್ಗಿ
೧೨-೧-೧೯೭೪

ತೀರ್ಥರೂಪ ಅಪ್ಪನವರಿಗೆ ಪಂಢರಿನಾಥನ ನಮಸ್ಕಾರ.

ಕುದುರೆ ಕ್ಷೇಮವಾಗಿದೆ. ನಿನ್ನೆ ನೀವು ಬೇಡವೆಂದರೂ ಅದನ್ನು ಟೆಂಪೋದಲ್ಲಿ ಏರಿಸಿಕೊಂಡು ಸೊಲ್ಲಾಪುರದಿಂದ ಒಬ್ಬನೇ ಸವಾರಿಗೆ ಹೊರಟೆನಲ್ಲ. ಮೈಂದರ್ಗಿಯ ಬಯಲಿನಲ್ಲಿ ಹಲಗೆ ಹಚ್ಚಿ ಇಳಿಸಿದೆ, ಜೀನು ಬಿಗಿದೆ. ಆದರೆ ಹತ್ತಲಾಗಲಿಲ್ಲ. ರಿಕಾಬಿಗೆ ಕಾಲಿಟ್ಟಾಗಲೆಲ್ಲ ಜೀನು ನನ್ನ ಕಡೆಗೇ ಜಾರಿತು. ಇಪ್ಪತ್ತಾರು ವರ್ಷದ ನಾನು ಲಾಯದ ಸಾತಲಿಂಗಪ್ಪನ ಬೆನ್ನು ತುಳಿಯದೆ ಒಮ್ಮೆಯೂ ಕುದುರೆ ಹತ್ತಿದವನಲ್ಲ.

ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಮುದುಕನೊಬ್ಬ ನಿಂತು, “ಯಾರ ಪೈಕಿ ರೀ ನೀವು?” ಎಂದ. ನಿಮ್ಮ ಹೆಸರು ಹೇಳಿದೆ. ಅವನು ಹೊರೆ ಇಳಿಸಿ, ನನ್ನ ಮುಂದೆ ನೆಲಕ್ಕೆ ಕೈಯೂರಿ ಬಗ್ಗಿದ. “ಹತ್ರಿ ಸಾವಕಾರ್ರ” ಎಂದ.

ನನಗೆ ನನ್ನ ಮೇಲೇ ಹೇಸಿಗೆ ಬಂತು. ಏಕೆಂದರೆ ನನ್ನ ಕಾಲು ಆಗಲೇ ತಾನಾಗಿ ಎದ್ದಿತ್ತು. ಸವಾರಿ ಎಂದರೆ ಇದೇ ಎಂದು ಕಲಿಸಿದವರು ನೀವು.

ಮುದುಕನನ್ನು ಎಬ್ಬಿಸಿ, ಕುದುರೆಯನ್ನು ಮತ್ತೆ ಟೆಂಪೋಗೆ ಏರಿಸಿ, ಗೋದೂಬಾಯಿ ಅತ್ತೆಯ ಮನೆಗೆ ಬಂದೆ.

ಸೋಮವಾರ ನಾನು ಬರುವುದರೊಳಗೆ ಲಾಯದ ಮುಂದೆ ಕುದುರೆ ಹತ್ತಲು ಮೊಳದೆತ್ತರದ ಕಲ್ಲೊಂದನ್ನು ಹಾಕಿಸಿರಿ. ಅದನ್ನು ಸಾತಲಿಂಗಪ್ಪನ ಬೆನ್ನ ಮೇಲೆ ಹೊರಿಸಬೇಡಿರಿ.

ನಿಮ್ಮ ಮಗ
ಪಂಢರಿ